ಬಣ್ಣ ತಿಳಿಸಿ ಸರ್

ಸೋಮವಾರ ಹನ್ನೊಂದಕ್ಕೆ ಕಳಿಸಿದೆ:
'ನಮಸ್ತೆ ಸರ್, ಹಾಲಸ್ವಾಮಿ, ಲ್ಯಾಬಿನಿಂದ.
ಖೈರುನ್‌ಬಿ, ೫೮, ಮೇಲೆ ಕೆಳಗೆ ಪೂರ್ತಿ ಸೆಟ್ಟು.
ಚೀಟಿಯಲ್ಲಿ ಬಣ್ಣ ಬರೆದಿಲ್ಲ.
ಎ-ಟೂ ಹಾಕಲೋ, ಎ-ತ್ರೀ ಹಾಕಲೋ?'

ಎರಡು ಗೀಟು ಬಿದ್ದವು.
ಸಂಜೆಗೆ ನೀಲಿಯಾದವು.
ಅಷ್ಟೇ.

ಮಂಗಳವಾರ 'ಸರ್' ಅಂದೆ.
ಬುಧವಾರ 'ಸರ್, ದಯವಿಟ್ಟು' ಅಂದೆ.
ಗುರುವಾರ ಬೆಳಿಗ್ಗೆ ಕೈಮುಗಿದ ಚಿತ್ರವೊಂದನ್ನು ಒತ್ತಿ
ನಾಚಿಕೆಯಾಗಿ ಅಳಿಸಿದೆ.
ಅಳಿಸಿದ್ದೂ ಗೊತ್ತಾಗುತ್ತದೆ ಈ ಹಾಳು ಫೋನಿನಲ್ಲಿ,
ಅತ್ತು ಮುಖ ತೊಳೆದು ಬಂದವನ ಮುಖದ ಹಾಗೆ.

ಮಂಡಿಪೇಟೆಯ ಈ ಮಹಡಿಯಲ್ಲಿ
ಇಪ್ಪತ್ತೆರಡು ವರ್ಷದಿಂದ ಹಲ್ಲು ಕಟ್ಟುತ್ತೇನೆ.
ಗಿಂಜುವುದನ್ನು ಮಾತ್ರ
ಈ ವಾರ ಕಲಿತೆ.

ಖೈರುನ್‌ಬಿಯ ಬಾಯಿ ನನ್ನ ಮೇಜಿನ ಮೇಲಿದೆ,
ಪ್ಲಾಸ್ಟರಿನದು,
ಹಿತ್ತಾಳೆಯ ಕೀಲಿಗೆ ಸಿಕ್ಕಿಸಿದ್ದು,
ಸೋಮವಾರದಿಂದ ತೆರೆದೇ ಇದೆ.
ಅಗಲ ದವಡೆ. ಆಳದ ಅಂಗುಳ.
ಎಡಗಡೆ ವಸಡು ಹೆಚ್ಚು ಸವೆದಿದೆ:
ಬಹಳ ಕಾಲ ಒಂದೇ ಮಗ್ಗುಲಲ್ಲಿ ಅಗಿದ ಹೆಂಗಸು.
ರಾತ್ರಿ ದೀಪ ಆರಿಸುವಾಗ
ಏನೋ ಕೇಳುವಂತೆ ಕಾಣುತ್ತದೆ.
ನನ್ನ ಪ್ರಶ್ನೆಯೇ ಇರಬೇಕು.

ಡಾಕ್ಟರು ಕೆಟ್ಟವರಲ್ಲ.
ತಂಗಿಯ ಮದುವೆಗೆ ಬಂದು ಮುಯ್ಯಿ ಮಾಡಿ
ಎರಡನೇ ಪಂಕ್ತಿಯಲ್ಲಿ ಕೂತು ಉಂಡು ಹೋದವರು.
ಇದನ್ನು ದಿನಕ್ಕೊಮ್ಮೆ ನನಗೇ ಹೇಳಿಕೊಳ್ಳುತ್ತೇನೆ,
ಮಾತ್ರೆ ನುಂಗಿದ ಹಾಗೆ.

ಗುರುವಾರ ಸಂಜೆ
ಅಶೋಕ ರಸ್ತೆಯ ರೈಲ್ವೆ ಗೇಟು ಬಿದ್ದಿತ್ತು.
ಎರಡು ಆಟೋ ಮುಂದೆ ಅವರ ಬಿಳಿ ಕಾರು.
ಬೈಕಿಗೆ ಸ್ಟ್ಯಾಂಡು ಹಾಕಿ ಹೋಗಿ
ಗಾಜು ತಟ್ಟಲೇ?
ಬಾಯಿಗೆ ಬಂದದ್ದು ಹಲ್ಲಿನ ತನಕ ಬಂದು ನಿಂತಿತು.
ಗೂಡ್ಸು ಬಂತು, ಐವತ್ತನಾಲ್ಕು ಡಬ್ಬಿ, ಎಣಿಸಿದೆ.
ಗಾಜಿನೊಳಗೆ ಅವರು
ಫೋನು ನೋಡುತ್ತ ನಗುತ್ತಿದ್ದರು.
ನಾನು ಕಟ್ಟದ ಹಲ್ಲು,
ಚೆಂದ ಇದ್ದವು.

ಶುಕ್ರವಾರ ಬೆಳಗಿನ ಆರಕ್ಕೆ ಫೋನು ಟಿಣ್ಣೆಂದಿತು.
ಅವರದೇ!
ಕನ್ನಡಕ ಹುಡುಕಿ, ಲೈಟು ಹಾಕಿ,
ಹೆಂಡತಿಯ ಕೈಲಿ ಬೈಸಿಕೊಂಡು ನೋಡಿದರೆ
ಗುಲಾಬಿ. ಅದರ ಮೇಲೊಂದು ಹನಿ.
'ತಾಳ್ಮೆಯೇ ತಪಸ್ಸು. ಶುಭೋದಯ.'

ಶನಿವಾರ ಪಿ.ಜೆ. ಬಡಾವಣೆಗೆ ಹೊರಟೇಬಿಟ್ಟೆ.
ಮೇಜಿನ ಹಿಂದೆ ಹೊಸ ಹುಡುಗಿ,
ಇನ್ನೂ ಸುಳ್ಳು ರೂಢಿಯಾಗಿಲ್ಲ:
'ಅದಾರ್ರೀ. ಇಲ್ಲ ಅಂತ ಹೇಳು ಅಂದಾರೆ.'

ಬೆಂಚಿನ ಮೇಲೆ ಒಬ್ಬಾಕೆ,
ಸೆರಗಿನಿಂದ ಬಾಯಿ ಮುಚ್ಚಿಕೊಂಡು.
ಮೊಣಕೈವರೆಗೆ
ಕಾದ ಮರಳು ಸಿಡಿದ ಸಣ್ಣ ಸಣ್ಣ ಚುಕ್ಕೆ.
ಮುಖ ಮೊದಲ ಸಲ ನೋಡುತ್ತಿದ್ದೆ.
ದವಡೆ ಮಾತ್ರ ಬಲ್ಲೆ.

'ಖೈರುನ್‌ಬಿ ಅಲ್ವೇನಮ್ಮ?'
ಬೆಚ್ಚಿದಳು.
ನಿನ್ನ ಅಂಗುಳ ನನಗೆ ಗೊತ್ತು ಅಂತ
ಅಪರಿಚಿತ ಹೆಂಗಸಿಗೆ ಹೇಗೆ ಹೇಳುವುದು?
ಜೇಬಿನಿಂದ ಬಣ್ಣದ ಪಟ್ಟಿ ತೆಗೆದು ಹಿಡಿದೆ.
ಹದಿನಾರು ಹಲ್ಲು, ಹದಿನಾರು ಬಿಳುಪು.

ಕಿಟಕಿಯ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದಳು,
ಮೊರದಲ್ಲಿ ಕಾಳು ನೋಡುವ ಹಾಗೆ.
'ಮೂವತ್ತು ವರ್ಷ ಭಟ್ಟಿಯಾಗ ಮಂಡಕ್ಕಿ ಹುರಿದೀನಪ್ಪ.
ತೀರಾ ಬೆಳ್ಳಗಿರೋದು ಮಂದಿಗೆ ತೋರ್ಸಾಕೆ.
ತಿನ್ನಾಕೆ ಇದು.'
ಸೆರಗು ಜಾರಿದ್ದು ಮರೆತು
ಬೋಳುಬಾಯಲ್ಲಿ ನಕ್ಕಳು.
ಆಕೆಯ ಬೆರಳು ನಿಂತಿದ್ದು ಎ-ತ್ರೀ-ಹಾಫ್ ಮೇಲೆ,
ಐದು ದಿನದಲ್ಲಿ ನಾನು ಒಮ್ಮೆಯೂ ಕೇಳದಿದ್ದ ಬಣ್ಣ.

ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ನಿಂತು ಬರೆದೆ:
'ಎ-ತ್ರೀ-ಹಾಫ್ ಹಾಕುತ್ತಿದ್ದೇನೆ ಸರ್.'
ಕೊನೆಗೆ ಚುಕ್ಕೆ ಇಟ್ಟೆ, ಒತ್ತಿ.
ಎರಡೇ ನಿಮಿಷ,
ಹೆಬ್ಬೆರಳು ಬಂತು.

ಬಂದ ಹೆಬ್ಬೆರಳು ಹೋಗುವ ಮೊದಲೇ
ಅದರ ಕೆಳಗೆ ಇನ್ನೊಂದು ಕಳಿಸಿದೆ:
'ಏಪ್ರಿಲ್ ಬಿಲ್ಲು, ಐದು ಸೆಟ್ಟಿನದು.'

ಎರಡು ಗೀಟು.
ಬೂದಿ ಬಣ್ಣ.