ಮೂವತ್ತೆರಡಕ್ಕೆ ತಣಿಸುವುದು

ಪೀಣ್ಯದ ತಗಡಿನ ಶೆಡ್ಡು. ಏಪ್ರಿಲ್ಲು.
ಮಾಡಿನ ಮೇಲೆ ಕನ್ನಡಿಗಳು
ಬಿಸಿಲು ಬಾಚಿ ಕೊಳವೆಗೆ ತುಂಬುತ್ತವೆ.
ಒಳಗೆ ಸುತ್ತುವುದು ನಾವು ಬಿಟ್ಟ ಉಸಿರೇ,
ಎಪ್ಪತ್ತೈದು ಆಕಾಶಗಳ ಭಾರ ಹೊತ್ತು.

ಬೆಳಿಗ್ಗೆ ಇನ್ನಾಸಪ್ಪ
ಗಾಜಿನ ಕಿಂಡಿಗೆ ಟಾರ್ಚು ಹಿಡಿದಿದ್ದ:
ದ್ರವಕ್ಕೂ ಅನಿಲಕ್ಕೂ ನಡುವಿನ ಗೆರೆ
ನಡುಗಿತು, ಗಂಜಿಯಂತೆ ಮಬ್ಬಾಯಿತು,
ತಿಳಿಯಾದಾಗ ಗೆರೆಯೇ ಇಲ್ಲ.
"ಯಾವುದು ಗೆದ್ದಿತು ಮೇಡಂ?" ಅಂದ.

ಸುತ್ತು ಮುಗಿಸಿ ಬಂದದ್ದನ್ನು
ಮೂವತ್ತೆರಡಕ್ಕೆ ತಣಿಸಬೇಕು;
ಇಲ್ಲವಾದರೆ ಟರ್ಬೈನು ದುಡಿದದ್ದನ್ನೆಲ್ಲ
ಕಂಪ್ರೆಸರ್ರೇ ಉಂಡುಬಿಡುತ್ತದೆ.
ಹೊರಗೆ ಮೂವತ್ತಾರು.

"ನಾನು ವೆಲ್ಡಿಂಗ್ ಕಲಿಯುವಾಗ
ಏಪ್ರಿಲ್ಲಲ್ಲೂ ಫ್ಯಾನು ಬೇಕಿರಲಿಲ್ಲ.
ನಿಮ್ಮ ಮಿಷನ್ನು ತಡವಾಗಿ ಬಂತು."

ನಷ್ಟದ ಪಟ್ಟಿಯಲ್ಲಿ
ಘರ್ಷಣೆ, ಸೋರಿಕೆ ಬರೆದು
ಮೂರನೆಯ ಸಾಲು ಖಾಲಿ ಬಿಟ್ಟಿದ್ದೇನೆ.