ಹಣ ಬಳಕೆ ಪ್ರಮಾಣಪತ್ರ

ಮೊದಲ ಕಂತು ಬಂದದ್ದು ಆಷಾಢದ ಒಂದು ಮಂಗಳವಾರ.
ಮೊಬೈಲು ಎರಡು ಸಲ ಗುರ್ರೆಂದಿತು.
ಮರಳು ಜರಡಿ ಹಿಡಿಯುತ್ತಿದ್ದವಳು
ಕೈ ಒರೆಸಿಕೊಂಡು ಸೊನ್ನೆ ಎಣಿಸಿದೆ,
ನಂಬದೆ ಹಾಲೇಶ ಇನ್ನೊಮ್ಮೆ ಎಣಿಸಿದ.
ಅಬ್ಬಾ ಎಣಿಸಲಿಲ್ಲ.
ಸರ್ಕಾರದ ದುಡ್ಡು, ಕಾವು ನೋಡಿ ಕೈ ಹಾಕು
ಅಂದರು, ಅಷ್ಟೆ.

ಯಾವುದಕ್ಕೆ ಕೊಟ್ಟರೋ ಅದಕ್ಕೇ ಬಳಸಿದ್ದೇನೆಂದು
ಈಗ ಒಂದು ಪುಟದಲ್ಲಿ ಬರೆದು ಸಹಿ ಹಾಕಬೇಕು.
ಇಲ್ಲದಿದ್ದರೆ ಎರಡನೇ ಕಂತಿಲ್ಲ,
ಆಡಿಟರ್ ಕೊಟ್ರಬಸಪ್ಪನವರು ಪೆನ್ನಿನ ಮುಚ್ಚಳ ತೆಗೆದು ಕೂತಿದ್ದಾರೆ.

ಉದ್ದೇಶ: ಮಂಡಕ್ಕಿ ಭಟ್ಟಿಯ ಹೊಗೆಕೊಳವೆಯಲ್ಲಿ
ಸುಮ್ಮನೆ ಆಕಾಶಕ್ಕೆ ಹೋಗುವ ಬಿಸಿಯನ್ನು ಹಿಡಿದು
ಕರೆಂಟು ಮಾಡುವುದು;
ಆ ಚೂರು ಕರೆಂಟನ್ನೇ ಉಂಡು ಒಂದು ಸೆನ್ಸರು
ಬಾಣಲೆಯ ಮರಳು ಎಷ್ಟು ಕಾದಿದೆ ಹೇಳುವುದು.
ಅರ್ಜಿಯಲ್ಲಿ ಇದನ್ನು ಹನ್ನೊಂದು ಪುಟ ಬರೆದಿದ್ದೆ.
ಭಟ್ಟಿಯ ಸಾಲಿನಲ್ಲಿ ಹೇಳಿದ್ದು ಒಂದೇ ಮಾತು,
ಹೊಟ್ಟು ಉಳಿಯುತ್ತೆ, ಕೆಮ್ಮು ಕಡಿಮೆಯಾಗುತ್ತೆ.

ಮುಚ್ಚಿದ ಬಟ್ಟೆ ಗಿರಣಿಯ ಹಿಂದಿನ ಶೆಡ್ಡಿಗೆ ಬಾಡಿಗೆ:
ಅನುದಾನದಲ್ಲಿ ಅವಕಾಶವಿಲ್ಲ.
ಅದು ಅಮ್ಮಿಯ ಬಳೆ, ಇಲ್ಲಿ ಬರೆಯುವಂತಿಲ್ಲ.
ಬಿಸ್ಕತ್ತಿನಷ್ಟಗಲದ ಇಪ್ಪತ್ತನಾಲ್ಕು ಫಲಕ:
ಬಿಲ್ಲಿದೆ.
ಒಂಬತ್ತು ಮೊದಲ ವಾರವೇ ಸುಟ್ಟುಹೋದವು.
ಸುಟ್ಟದ್ದಕ್ಕೆ ಯಾವ ಕಾಲಮ್ಮು?
ಕನ್ನಡಕ ಹಣೆಗೇರಿಸಿ ಕೊಟ್ರಬಸಪ್ಪನವರು
ಸವಕಳಿ ಅಂತ ಬರಿಯಮ್ಮ ಅಂದರು.
ಸವಕಳಿಯಲ್ಲ ಸಾರ್,
ಅದು ನಾವು ಕಲಿತದ್ದು.

ಮರಳಿಗೆ ಬಿಲ್ಲಿಲ್ಲ. ತುಂಗಭದ್ರೆಯದು,
ನಾನು ಹುಟ್ಟುವ ಮೊದಲಿನಿಂದ
ಅದೇ ಬಾಣಲೆಯಲ್ಲಿ ಹೊರಳಿ ಹೊರಳಿ ಕಪ್ಪಾದದ್ದು.

ಭಾದ್ರಪದದಲ್ಲಿ ಪರಿಶೀಲನೆಗೆ ಮೂವರು ಬಂದರು.
ಬೂಟಿನ ತುಂಬ ಹೊಟ್ಟಿನ ಬೂದಿ.
ಒಬ್ಬರು ಕೇಳಿದರು, ಇದಕ್ಕೂ ಮೊದಲು ಕಾವನ್ನು
ಯಾವ ವಿಧಾನದಲ್ಲಿ ಅಳೆಯುತ್ತಿದ್ದಿರಿ?
ನಾನು ಅಬ್ಬಾನ ಕಡೆ ನೋಡಿದೆ.
ಅವರು ಒಂದು ಚಿಟಿಕೆ ಅಕ್ಕಿ ಮರಳಿಗೆ ಎಸೆದು
ಕಿವಿ ವಾಲಿಸಿ, ಹೂಂ, ಈಗ ಅಂದರು.
ಪರದೆಯ ಮೇಲೆ ಇನ್ನೂರ ಮೂವತ್ತೆಂಟು.
ಸುರಿದ ಅಕ್ಕಿಯೆಲ್ಲ ಮಲ್ಲಿಗೆ.
ಇನ್ನೊಂದು ಚೀಲ ಬಿಚ್ಚಿದೆವು. ಮತ್ತೆ ಚಿಟಿಕೆ, ಮತ್ತೆ ಕಿವಿ.
ಇನ್ನೂ ಇಲ್ಲ ಅಂದರು.
ಪರದೆಯ ಮೇಲೆ ಅದೇ ಇನ್ನೂರ ಮೂವತ್ತೆಂಟು.

ನಾನು ಯಂತ್ರವನ್ನು ನಂಬಿದೆ. ಸುರಿಸಿದೆ.
ಅರ್ಧ ಅರಳಿತು, ಅರ್ಧ ಹಲ್ಲು ಮುರಿಯುವ ಹರಳು.

ಆ ಚೀಲ ಸೋರುವ ಮೂಲೆಯಲ್ಲಿತ್ತು,
ಹಿಂದಿನ ರಾತ್ರಿ ಮಳೆ.
ನಾವು ಒಂದು ವರ್ಷ ಮರಳನ್ನು ಕೇಳುತ್ತಿದ್ದೆವು,
ಅಬ್ಬಾ ಕೇಳುತ್ತಿದ್ದದ್ದು ಅಕ್ಕಿಯನ್ನು.

ಮೂವರೂ ತಲೆಬಗ್ಗಿಸಿ ಏನೋ ಬರೆದುಕೊಂಡರು.
ಮುಗಿಯಿತು ಅಂದುಕೊಂಡೆ.
ಹೋಗುವಾಗ ಅವರಲ್ಲಿ ಚಿಕ್ಕಾಕೆ ಮಾತ್ರ
ಹಿಂದಿರುಗಿ, ಆ ಚಿಟಿಕೆ ಬಿದ್ದ ಸದ್ದು
ಇನ್ನೊಮ್ಮೆ ಕೇಳಿಸುತ್ತೀರಾ ಅಂದಳು.

ಆಮೇಲೆ ನಲವತ್ತು ರೂಪಾಯಿಯ ಒಂದು ಮೈಕು ತಂದೆ,
ಹಾಲೇಶನ ಹಳೇ ಫೋನಿನಿಂದ ಒಂದು ಬ್ಯಾಟರಿ.
ಒಪ್ಪಿಗೆ ಪತ್ರದ ಪಟ್ಟಿಯಲ್ಲಿ ಇವೆರಡೂ ಇಲ್ಲ.
ಇಡೀ ಯೋಜನೆಯಲ್ಲಿ ಸದ್ಯ ಸರಿಯಾಗಿ ಕೆಲಸ ಮಾಡುವುದು ಇವೆರಡೇ.

ಅನುದಾನದಲ್ಲಿ ಕೊಂಡದ್ದೆಲ್ಲ ಸರ್ಕಾರದ ಆಸ್ತಿ,
ಒಂದೊಂದಕ್ಕೂ ನಂಬರಿನ ಚೀಟಿ ಅಂಟಿಸಬೇಕು.
ಕೊಳವೆಗೆ ಅಂಟಿಸಿದೆ, ಫಲಕಕ್ಕೆ ಅಂಟಿಸಿದೆ,
ಸುಟ್ಟ ಒಂಬತ್ತಕ್ಕೂ.
ಭಟ್ಟಿಯ ಬಾಯಲ್ಲಿ ಕೂತ ಅಬ್ಬಾ
ನನ್ನ ಕಿವಿಗೆ ಯಾವ ನಂಬರು ಮುಬೀನಾ ಅಂತ
ಕೆಮ್ಮುತ್ತ ನಕ್ಕರು.
ನಗು ನಿಂತ ಮೇಲೂ ಕೆಮ್ಮು ನಿಲ್ಲಲಿಲ್ಲ.

ಮೇಲ್ಕಂಡ ವಿವರಗಳು ನನಗೆ ತಿಳಿದಮಟ್ಟಿಗೆ ಸತ್ಯ.
ಸಹಿ ಹಾಕಿದೆ.
ಕಾಗದದ ಮೂಲೆಯಲ್ಲಿ ನನ್ನ ಹೆಬ್ಬೆರಳು
ಬೆವರು, ಉಪ್ಪು, ಬೂದಿಯಾಗಿ ಮೂಡಿಬಿಟ್ಟಿತು.
ಬೇರೆ ಪ್ರತಿ ತೆಗೆಯಲಾ ಸಾರ್?
ಇರಲಿ ಬಿಡಮ್ಮ, ಅಂದರು ಕೊಟ್ರಬಸಪ್ಪನವರು,
ಬೆರಳನ್ನು ನಾಲಿಗೆಗೆ ಮುಟ್ಟಿಸಿ
ಮುಂದಿನ ಹಾಳೆ ತಿರುವಿದರು.