ಕೊಳ್ಳಿದೆವ್ವದ ಕೂದಲು

ಚರಿತ್ರೆ ಬರೆಯುವಷ್ಟು ನನಗೆ ತಿಳಿಯದು.
ಕೂದಲು ಗುಡಿಸಿದವನು ನಾನು, ಅಷ್ಟೇ.

ಗುದೈಬಿಯಾದ ಹಿಂದಿನ ಗಲ್ಲಿ, ಒಂದೇ ಕುರ್ಚಿಯ ಸಲೂನು.
ಕುವೈತಿನ ಬಾವಿಗಳು ಉರಿದು
ಮನಾಮದ ಮೇಲೂ ಮಸಿ ಉದುರುತ್ತಿದ್ದ ವರ್ಷ;
ಬೆಳಿಗ್ಗೆ ಒಣಹಾಕಿದ ಟವಲು ಸಂಜೆಗೆ ಕಪ್ಪು.
ಆಗ ಬಂದರು ಮೂವರು:
ಎರಡೂ ಬದಿ ಬೋಳಿಸು, ನಡುವಿನದಷ್ಟನ್ನು
ಹಡಗಿನ ಮೂತಿಯ ಹಾಗೆ ನಿಲ್ಲಿಸು.

ನಿಲ್ಲಬೇಕಲ್ಲ! ಇಲ್ಲಿಯ ಸೆಕೆಗೆ
ಮೇಣವೂ ಬೆವರುತ್ತದೆ.
ವ್ಯಾಸಲೀನು, ಮೊಟ್ಟೆಯ ಬಿಳಿ,
ಕೊನೆಗೆ ಸಕ್ಕರೆ ಪಾಕ ಹಚ್ಚಿ ನಿಲ್ಲಿಸಿದೆ.
ದಿಂಬಿಗೆಲ್ಲ ಇರುವೆ ಹತ್ತಿತೆಂದು
ಮರುದಿನ ಬಂದು ಬೈದರು.

ವಲೇರಿಯನ್ ಮೊಂತೇರೊ, ಬಜ್ಪೆಯವನು, ಫ್ರಿಜ್ ರಿಪೇರಿ.
ರೊಡೆಲಿಯೊ ಹಗಲು ಹೋಟೆಲಿನ ಇಸ್ತ್ರಿ, ರಾತ್ರಿ ಡ್ರಮ್ಮು.
ಗಿಟಾರು ಮೆಹದಿಯದು, ಸಿತ್ರಾದ ಹುಡುಗ.
ಅವನ ಮನೆಯ ತಾರಸಿಯಿಂದ ಕಾಣುತ್ತಿತ್ತು ರಿಫೈನರಿ,
ಕೊಳವೆಯ ತುದಿಗೆ ಆರದ ಬೆಂಕಿ.
ನಮ್ಮಲ್ಲಿ ಇದಕ್ಕೆ ಕೊಳ್ಳಿದೆವ್ವ ಅಂತೀವಿ, ಅಂದ ವಲೇರಿಯನ್.
ಮೆಹದಿ ಹತ್ತು ಸಲ ಹೇಳಿ ನಾಲಗೆ ಪಳಗಿಸಿಕೊಂಡ.
ಬ್ಯಾಂಡಿಗೆ ಹೆಸರಾಯಿತು.

ಸೈಕೋಬಿಲಿ ಅಂತೆ ಅವರು ಬಾರಿಸಿದ್ದು;
ಸೈಕಲ್ ಬೆಲ್ಲು ಅಂದುಕೊಂಡಿದ್ದೆ.
ಅದಕ್ಕೆ ಆಳೆತ್ತರದ ಪಿಟೀಲು ಬೇಕು.
ಸಂಬಳ ಸಿಗದ ಯಾವುದೋ ಮೇಳದವರು
ಹೋಟೆಲಿನ ಹಿಂದೆ ಬಿಟ್ಟುಹೋಗಿದ್ದು, ಹೊಟ್ಟೆ ಸೀಳಿತ್ತು.
ಫ್ರಿಜ್ಜಿನ ಬಾಗಿಲ ರಬ್ಬರು ತುರುಕಿ ಮುಚ್ಚಿದ.
ತಂತಿಗೆ ಮುಹರ್ರಕ್ಕಿನ ಬೆಸ್ತರ ನೈಲಾನು,
ಹಮೂರು ಎಳೆಯುವಷ್ಟು ದಪ್ಪದ್ದು.
ಅದನ್ನು ಮೀಟುವುದಿಲ್ಲ, ಹೊಡೆಯುವುದು:
ಒಗೆಯುವ ಕಲ್ಲಿಗೆ ಒದ್ದೆ ದುಪ್ಪಟಿ ಬಿದ್ದಂತೆ
ದಬ್ ಟಪ, ದಬ್ ಟಪ.

ಸಲ್ಮಾಬಾದಿನ ರೇಡಿಯೇಟರ್ ಗ್ಯಾರೇಜು, ಗುರುವಾರ ರಾತ್ರಿ,
ಷಟರ್ ಎಳೆದರೆ ಒಳಗೆ ಇಪ್ಪತ್ತು ಜನ.
ಹಾಡಿನಲ್ಲಿ ಹೆಣ ಎದ್ದು ಕೂರುತ್ತಿತ್ತು,
ಪಾಸ್‌ಪೋರ್ಟು ಕೇಳುತ್ತಿತ್ತು,
ಅರ್ಬಾಬ ಕೊಡುವುದಿಲ್ಲವೆಂದು ಮತ್ತೆ ಮಲಗುತ್ತಿತ್ತು.
ನಕ್ಕು ನಕ್ಕು ಒಬ್ಬರಿಗೊಬ್ಬರು ಹಾಯುತ್ತಿದ್ದೆವು.
ಒಬ್ಬನ ಹಲ್ಲು ಹೋಯಿತು.
ಮುಂದಿನ ವಾರ ಮೊದಲು ಬಂದವನು ಅವನೇ.

ಒಂದೇ ಕ್ಯಾಸೆಟ್ಟು, ಅರವತ್ತು ಪ್ರತಿ.
ಮೊದಲು ತುಂಬಿಸಿದ್ದು ನಾನು ಕೊಟ್ಟ ಟೇಪಿಗೆ.
ರಾಣೆಬೆನ್ನೂರಿನಿಂದ ನೀಲವ್ವ ಮಾತಾಡಿ ಕಳಿಸಿದ್ದ ಪತ್ರ ಅದು;
ಬರೆಯಲು ಬಾರದವಳು, ಓದಲು ಬಾರದವನು ನಾನು.
ಕೇಳಿ ಮುಗಿದಿತ್ತು. ಕೊಟ್ಟೆ.
ಮೂರನೆಯ ಹಾಡಿಗೂ ನಾಲ್ಕನೆಯದಕ್ಕೂ ನಡುವೆ
ಗೇಣುದ್ದ ಅಳಿಯದೆ ಉಳಿಯಿತು:
ಕರೆಂಟ್ ಹೋತು. ತಡೀರಿ, ದೀಪ ಹಚ್ತೀನಿ.
ಕಡ್ಡಿ ಗೀರಿದ ಸದ್ದು.
ಕೂಡಲೇ ದಬ್ ಟಪ.

ರೊಡೆಲಿಯೊ ಹಡಗು ಸೇರಿದ.
ವಲೇರಿಯನ್ನನ ವೀಸಾ ರದ್ದಾಯಿತು; ಪಿಟೀಲಿಗೆ
ವಿಮಾನದವರು ಒಂದು ಸೀಟಿನ ದುಡ್ಡು ಕೇಳಿದರು.
ಮೆಹದಿ ಒಂದು ಗುರುವಾರ ಬರಲಿಲ್ಲ.
ಯಾಕೆಂದು ಹೋಗಿ ವಿಚಾರಿಸುವ ಕಾಲವಲ್ಲ ಅದು.
ಆಮೇಲೆ ಕಾಲ ಬಂತು, ಆಗಲೂ ಹೋಗಲಿಲ್ಲ ನಾನು.

ಮೊನ್ನೆ ಫಿನ್ಲೆಂಡಿನವನೊಬ್ಬ ಹುಡುಕಿಕೊಂಡು ಬಂದ,
ನೆತ್ತಿ ಬೋಳು, ಹಣೆಯ ಮೇಲೆ ಉಳಿದ ಒಂದು ಹಿಡಿಯನ್ನೇ
ಹಡಗಿನ ಮೂತಿ ಮಾಡು ಎಂದ.
ಅವನ ಊರಲ್ಲಿ, ಹಗಲಿಲ್ಲದ ತಿಂಗಳಲ್ಲಿ,
ನೆಲಮಾಳಿಗೆಯೊಳಗೆ ಆ ಟೇಪು ಹಾಕುತ್ತಾರಂತೆ;
ಆ ಜಾಗ ಬಂತೆಂದರೆ ದೀಪವಾರಿಸಿ ಇನ್ನೂರು ಜನ ಕೂಗುತ್ತಾರಂತೆ
ತಡೀರೀ, ತೀಪ ಹಸ್ತೀನಿ.
ಮಂತ್ರವೇ ಅದು? ಹಾಡುಗಾರ್ತಿ ಯಾರು, ಎಲ್ಲಿದ್ದಾಳೆ?
ಹೆಸರು ಹೇಳಿದರೆ ನೂರು ದಿನಾರ್ ಅಂದ.

ನೀಲವ್ವ ಹೋಗಿ ಒಂಬತ್ತು ವರ್ಷ.
ಪಿಟೀಲು ಇಲ್ಲೇ ಮೂಲೆಯಲ್ಲಿದೆ,
ಕತ್ತಿನ ಮೇಲೆ ಟವಲು ಒಣಹಾಕುತ್ತೇನೆ.
ತಿಳಿಯದು ಅಂದೆ.
ಕಿವಿಯ ಹಿಂದೆ ಕತ್ತಿ ಇಟ್ಟೆ, ಅವನು ಅಲುಗಿದ.
ತಡೀರಿ, ಅಂದುಬಿಟ್ಟೆ, ಬಾಯಿತಪ್ಪಿ.

ಕನ್ನಡಿಯೊಳಗೆ ಅವನ ಕಣ್ಣು
ಮೆಲ್ಲಗೆ ನನ್ನ ಕಡೆ ತಿರುಗಿತು.